ಹೇಳಲಾರದವರು, ಹೇಳಲೊಲ್ಲದವರು

ಕಳೆದ ಕೊನೆಕೊಯ್ಲಿನ ಹೊತ್ತಿಗೆ ಯಲ್ಲಾಪುರದ ನಮ್ಮ ಮನೆಗೆ ಅಕ್ಕನ ಮಗ ಬಂದಿದ್ದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಬ್ಯಾಗಿನಿಂದ ಒಂದು ಕಪ್ಪು ಪಟ್ಟಿ ತೆಗೆದು, ಜಗಲಿಯ ಮೇಲೆ ಕೂತಿದ್ದ ನನ್ನ ಹಣೆಗೆ ಕಟ್ಟಿದ. ಫೋನಿನ ಪರದೆಯಲ್ಲಿ ಗೆರೆಯೊಂದು ಏರಿಳಿಯತೊಡಗಿತು. ‘ಮಾವ, ಇದು ನಿಮ್ಮ ಏಕಾಗ್ರತೆ’ ಎಂದ. ನಾನು ಹುಬ್ಬು ಗಂಟಿಕ್ಕಿದೆ, ಗೆರೆ ಚಂಗನೆ ಜಿಗಿಯಿತು. ಕಣ್ಣು ಮಿಟುಕಿಸಿದೆ, ಮತ್ತೆ ಜಿಗಿಯಿತು. ಹಣೆಯ ಸ್ನಾಯುಗಳು ಹುಟ್ಟಿಸುವ ವಿದ್ಯುತ್ತು ಮಿದುಳಿನದಕ್ಕಿಂತ ಎಷ್ಟೋ ಪಾಲು ಜೋರಾಗಿರುತ್ತದೆ. ಹಾಗಾಗಿ ಇಂಥ ಪಟ್ಟಿಗಳು ಓದುವುದರಲ್ಲಿ ಮಿದುಳೆಷ್ಟು, ಹುಬ್ಬೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಕೈಕೆಲಸ ನಿಲ್ಲಿಸಿ ನಕ್ಕರು.

ಆಮೇಲೆ ಅವನು ಕೇಳಿದ್ದು ಮಾತ್ರ ನಗುವ ಪ್ರಶ್ನೆಯಾಗಿರಲಿಲ್ಲ. ಮಿದುಳಿಗೂ ಕಂಪ್ಯೂಟರಿಗೂ ನೇರ ಸಂಪರ್ಕ ಕಲ್ಪಿಸುವ ಸಾಧನ ಇನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ಅಂಗಡಿಯಲ್ಲೇ ಸಿಗುವಂತಾದರೆ, ನಮ್ಮಂಥ ಸಾಮಾನ್ಯರಿಗೆ ಅದರಿಂದ ಏನು ಉಪಯೋಗ? ನನಗೆ ತಟ್ಟನೆ ನೆನಪಾದದ್ದು ಅಜ್ಜ.

2007ರ ಮಳೆಗಾಲದಲ್ಲಿ ಅಜ್ಜನಿಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಗೆ ಒಯ್ದೆವು. ಜೀವ ಉಳಿಯಿತು, ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಬಾಯಿ ತೆರೆದರೆ ಒಂದೇ ಥರದ ಸ್ವರ ಹೊರಡುತ್ತಿತ್ತು. ಎಡಗೈಗೆ ಪೆನ್ಸಿಲು ಕೊಟ್ಟು ನೋಡಿದೆವು, ಕಾಗದದ ಮೇಲೆ ಗೀಟುಗಳು ಬಿದ್ದವೇ ಹೊರತು ಅಕ್ಷರ ಮೂಡಲಿಲ್ಲ. ನೋಡಲು ಬಂದವರು ‘ಪಾಪ, ಏನೂ ತಿಳಿಯೂದಿಲ್ವೇನೋ’ ಅಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ‘ಅವ್ಕೆ ಎಲ್ಲಾ ತಿಳೀತು. ಹೇಳಲೆ ಬತ್ತಿಲ್ಲೆ, ಅಷ್ಟೇಯ’ ಎನ್ನುತ್ತಿದ್ದಳು. ಎಡಗೈಯ ಲಿಪಿ ಕಂಡುಹಿಡಿದವಳೂ ಅವಳೇ. ಅಜ್ಜನ ಅಂಗೈಯೊಳಗೆ ತನ್ನ ಬೆರಳಿಟ್ಟು ಕೇಳುವುದು. ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ. ಎರಡು ವರ್ಷ ಆ ಮನೆ ಇಷ್ಟರಲ್ಲೇ ನಡೆಯಿತು. ಗಂಜಿ ಬೇಕೇ, ಕಿಟಕಿ ಮುಚ್ಚಲೇ, ಕೊಟ್ಟಿಗೆಯ ಮಾಡು ಹೊದೆಸಲು ಆಳಿಗೆ ಹೇಳಿದ್ದು ಸರಿಯೇ. ಕೇಳುವವರು ಸರಿಯಾಗಿ ಕೇಳಬೇಕು, ಅಷ್ಟೆ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ತೋಟದ ಹಿಸೆಯ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತಾದರೂ, ಅಷ್ಟರೊಳಗೆ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತ್ತು. ನಮ್ಮ ಅತ್ತೆ ಹಾಗೆ ಹೊರಗುಳಿದವಳು. ಈಗ ಒಳಗೆ ಬಂದಿದ್ದಳೋ ಇಲ್ಲವೋ ಎಂಬುದರಲ್ಲಿ ಎಲ್ಲರಿಗೂ ಗೊಂದಲ. ಅಜ್ಜ ಆಕೆಗೆ ಏನಾದರೂ ಬರೆದಿಟ್ಟಿದ್ದಾನೆ ಎಂಬ ಗುಸುಗುಸು ಬೇರೆ. ಒಂದು ಸಂಜೆ ದೊಡ್ಡಪ್ಪ ಮಂಚದ ಬದಿಗೆ ಕೂತು, ಅಜ್ಜನ ಅಂಗೈಗೆ ಬೆರಳಿಟ್ಟು, ಉಯಿಲು ಬರೆದದ್ದುಂಟೇ ಎಂದು ಕೇಳಿದ. ಅಜ್ಜ ಒತ್ತಲಿಲ್ಲ. ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡು ಕಂಬಳಿಯೊಳಗೆ ಹಾಕಿದ.

ಅವು ಟಿವಿಯಲ್ಲಿ ಮಂಪರು ಪರೀಕ್ಷೆಯ ದೃಶ್ಯಗಳು ಬರುತ್ತಿದ್ದ ವರ್ಷಗಳು. ಛಾಪಾ ಕಾಗದದ ಹಗರಣದ ಅಬ್ದುಲ್ ಕರೀಂ ತೆಲಗಿ, ನಮ್ಮ ಪಕ್ಕದ ಖಾನಾಪುರದವನೇ, ಬೆಂಗಳೂರಿನಲ್ಲಿ ಔಷಧದ ಅಮಲಿನಲ್ಲಿ ತೊದಲುವುದನ್ನು ದೇಶಕ್ಕೆ ದೇಶವೇ ಊಟ ಮಾಡುತ್ತ ನೋಡಿತ್ತು. ಮಂಪರು ಪರೀಕ್ಷೆಯ ಜೊತೆಗೆ ‘ಬ್ರೇನ್ ಮ್ಯಾಪಿಂಗ್’ ಎಂಬ ಮಾತೂ ಪತ್ರಿಕೆಗಳಲ್ಲಿ ಬರುತ್ತಿತ್ತು. ‘ಅಪ್ಪಯ್ಯನ್ನ ಒಂದ್ಸಲ ಬೆಂಗ್ಳೂರಿನ ಆ ಮಷಿನ್ನಿಗೆ ಕೂರ್ಸವು’ ಎಂದ ದೊಡ್ಡಪ್ಪ. ತಮಾಷೆಗೇ ಅಂದದ್ದು. ನಾವೆಲ್ಲ ನಕ್ಕೆವು. ಅಜ್ಜ ಕೇಳಿಸಿಕೊಂಡ ಎಂಬುದು ನೆನಪಾದಾಗ ನಗು ನಿಂತಿತು.

ಆ ಮಷಿನ್ನು ಏನು, ಎಲ್ಲಿಂದ ಬಂತು ಎಂದು ನಾನು ಓದಿ ತಿಳಿದುಕೊಂಡದ್ದು ಬಹಳ ತಡವಾಗಿ. ತಿಳಿದಮೇಲೆ ದೊಡ್ಡಪ್ಪನ ತಮಾಷೆ ನಾನಂದುಕೊಂಡದ್ದಕ್ಕಿಂತ ನಿಖರವಾಗಿತ್ತು ಅನ್ನಿಸಿತು.

ಮಿದುಳಿನಲ್ಲಿ ವಿದ್ಯುತ್ತು ಹರಿಯುತ್ತದೆಂದು 1875ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವನು ಲಿವರ್‌ಪೂಲಿನ ರಿಚರ್ಡ್ ಕ್ಯಾಟನ್. ಮನುಷ್ಯರ ತಲೆಯ ಮೇಲೆ ಅದನ್ನು ದಾಖಲಿಸಿದವನು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬೆರ್ಗರ್. 1924ರಲ್ಲಿ ದಾಖಲಿಸಿದ, ಐದು ವರ್ಷ ಅನುಮಾನಿಸಿ 1929ರಲ್ಲಿ ಪ್ರಕಟಿಸಿದ. ಅವನು ಈ ಹುಡುಕಾಟಕ್ಕೆ ಬಿದ್ದ ಕಾರಣ ವಿಚಿತ್ರ. ತರುಣನಾಗಿ ಸೈನ್ಯದ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನಿಂದ ಕೂದಲೆಳೆಯಲ್ಲಿ ಪಾರಾದ. ಅದೇ ದಿನ ಮನೆಯಿಂದ ಟೆಲಿಗ್ರಾಂ ಬಂತು. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಅನ್ನಿಸಿ, ತಂದೆಗೆ ಹೇಳಿ ಕಳಿಸಿದ್ದ ಟೆಲಿಗ್ರಾಂ ಅದು. ಒಂದು ಮನಸ್ಸು ಇನ್ನೊಂದಕ್ಕೆ ಮಾತಿಲ್ಲದೆ ಮುಟ್ಟಿತು ಎಂದೇ ಬೆರ್ಗರ್ ನಂಬಿದ. ಆ ಶಕ್ತಿಯನ್ನು ಅಳೆಯಲು ಹೊರಟವನಿಗೆ ಸಿಕ್ಕಿದ್ದು ಇವತ್ತು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿರುವ ಇ.ಇ.ಜಿ. ಅಂದರೆ ಈ ವಿದ್ಯೆಯ ಬುಡದಲ್ಲೇ ಇನ್ನೊಬ್ಬರ ಮನಸ್ಸನ್ನು ಮಾತಿಲ್ಲದೆ ತಿಳಿಯುವ ಆಸೆಯೊಂದು ಕೂತಿದೆ. ಬೆರ್ಗರನದು ಪ್ರೀತಿಯಿಂದ ಹುಟ್ಟಿದ ಆಸೆ. ಎಲ್ಲರದ್ದೂ ಹಾಗಿರಬೇಕೆಂದಿಲ್ಲ.

1965ರ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು. ಸಾಲುಸಾಲಾಗಿ ಏನೇನೋ ತೋರಿಸುತ್ತಿರುವಾಗ ನಡುವೆ ನಮಗೆ ಮುಖ್ಯವಾದದ್ದು, ಗುರುತಿನದ್ದು ಬಂದರೆ, ಸೆಕೆಂಡಿನ ಸುಮಾರು ಮೂರನೇ ಒಂದು ಪಾಲು ಕಳೆದಮೇಲೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಜಾತ್ರೆಯ ಗದ್ದಲದಲ್ಲಿ ನಮ್ಮ ಹೆಸರು ಕೇಳಿದರೆ ಕಿವಿ ನೆಟ್ಟಗಾಗುವುದಿಲ್ಲವೇ, ಹಾಗೆ. 300 ಮಿಲಿಸೆಕೆಂಡಿನ ಲೆಕ್ಕದಿಂದ ಅದಕ್ಕೆ ಪಿ300 ಎಂಬ ಹೆಸರು. 1973ರಲ್ಲಿ ಲಾಸ್ ಏಂಜಲೀಸಿನ ಜಾಕ್ ವಿದಾಲ್ ಎಂಬ ವಿಜ್ಞಾನಿ, ಇಂಥ ಅಲೆಗಳಿಂದ ಕಂಪ್ಯೂಟರನ್ನು ನಡೆಸಬಹುದೇ ಎಂದು ಕೇಳಿ ‘ಬ್ರೇನ್-ಕಂಪ್ಯೂಟರ್ ಇಂಟರ್‌ಫೇಸ್’ ಎಂಬ ಹೆಸರನ್ನು ಚಾಲ್ತಿಗೆ ತಂದ. 1988ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನುಯೆಲ್ ಡಾಂಚಿನ್ ಅದನ್ನು ಮಾಡಿಯೇ ತೋರಿಸಿದರು. ಪರದೆಯ ಮೇಲೆ 36 ಮನೆಗಳ ಚೌಕ, ಮನೆಗೊಂದು ಅಕ್ಷರ. ಅಡ್ಡಸಾಲು ಕಂಬಸಾಲುಗಳು ಒಂದೊಂದಾಗಿ ಮಿನುಗುತ್ತವೆ. ನಿಮಗೆ ಬೇಕಾದ ಅಕ್ಷರವಿರುವ ಸಾಲು ಮಿನುಗಿದಾಗ ಆ ಅಲೆ ಏಳುತ್ತದೆ, ಕಂಪ್ಯೂಟರು ಆ ಅಕ್ಷರವನ್ನು ಬರೆದುಕೊಳ್ಳುತ್ತದೆ. ನಿಮಿಷಕ್ಕೆ ಎರಡೂಚಿಲ್ಲರೆ ಅಕ್ಷರ. ಕೈಕಾಲು ಇರಲಿ, ಕಣ್ರೆಪ್ಪೆ ಕೂಡ ಸ್ವಾಧೀನದಲ್ಲಿಲ್ಲದವರಿಗೆ ಅದೇ ಭಾಗ್ಯ. (ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿಗಳಿಗೆ 36 ಮನೆ ಸಾಕು. ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳಿಗೆಲ್ಲ ಆ ಚೌಕ ಎಷ್ಟು ದೊಡ್ಡದಾಗಬೇಕು! ಅಜ್ಜನಿಗೆ ‘ಕೊಟ್ಟಿಗೆ’ ಎಂದು ಬರೆಯುವಷ್ಟರಲ್ಲಿ ಹಾಲು ಕರೆದು ಆಗಿರುತ್ತಿತ್ತು.)

1999ರಲ್ಲಿ ಜರ್ಮನಿಯ ನೀಲ್ಸ್ ಬಿರ್‌ಬೌಮರ್ ಮತ್ತು ಸಂಗಡಿಗರು ಬೇರೊಂದು ಬಗೆಯ ಮಿದುಳಿನ ಅಲೆಯನ್ನು ಹಿಡಿದು, ಎ.ಎಲ್.ಎಸ್. ಎಂಬ ನರರೋಗದಿಂದ ಇಡೀ ದೇಹ ಸ್ತಬ್ಧವಾದ ಇಬ್ಬರಿಂದ ವಾಕ್ಯಗಳನ್ನೇ ಬರೆಯಿಸಿದರು. ಹೇಳಲಾರದವರಿಗೆ ಮಾತು ಬಂದ ಕಥೆ ಇಷ್ಟು.

ಆದರೆ ನಡುವೆ 1991 ಎಂಬ ವರ್ಷವೊಂದಿದೆ. ಅದೇ ಫಾರ್ವೆಲ್, ಅದೇ ಡಾಂಚಿನ್, ಅದೇ ಅಲೆ. ಈ ಸಲ ಅವರು ಪ್ರಕಟಿಸಿದ್ದು ಅಪರಾಧದ ಗುಟ್ಟು ಬಲ್ಲವನನ್ನು ಪತ್ತೆಮಾಡುವ ಬಗೆಯನ್ನು. ಅಪರಾಧಿಗೆ ಮಾತ್ರ ಗೊತ್ತಿರಬಹುದಾದ ಹೆಸರೋ ವಸ್ತುವೋ ಪರದೆಯ ಮೇಲೆ ಬಂದಾಗ ಅವನು ತುಟಿ ಎರಡು ಮಾಡದಿದ್ದರೂ ಅಲೆ ಏಳುತ್ತದೆ ಎಂಬುದು ತರ್ಕ. ಫಾರ್ವೆಲ್ ಇದನ್ನು ‘ಮಿದುಳಿನ ಬೆರಳಚ್ಚು’ ಎಂಬ ಹೆಸರಿನಲ್ಲಿ ಮಾರಾಟಕ್ಕೂ ತಂದ. ಡಾಂಚಿನ್ ಮಾತ್ರ ಇನ್ನೂ ಸಂಶೋಧನೆ ಬೇಕು ಎಂಬ ನಿಲುವಿಗೆ ಬಂದ. ಮಾತು ಹೋದವನಿಗೆ ಮಾತು ಕೊಡುವ ಯಂತ್ರಕ್ಕೂ ಮೌನವಾಗಿರುವವನ ಬಾಯಿ ಬಿಡಿಸುವ ಯಂತ್ರಕ್ಕೂ ಮೂರೇ ವರ್ಷದ ಅಂತರ. ಈ ಚರಿತ್ರೆಯಲ್ಲಿ ನನ್ನನ್ನು ಇಷ್ಟು ಕಾಡಿದ ತಿರುವು ಇನ್ನೊಂದಿಲ್ಲ.

ಎರಡನೆಯ ಯಂತ್ರದ ಹಾದಿ ನಮ್ಮ ಕರ್ನಾಟಕದ ಮೂಲಕ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್, ಅಮೆರಿಕದವರದ್ದು ಬರಿಯ ಗುರುತನ್ನು ಹಿಡಿಯುತ್ತದೆ, ಸ್ವತಃ ಮಾಡಿ ಅನುಭವಿಸಿದ್ದರ ನೆನಪನ್ನೇ ಹಿಡಿಯಬೇಕು ಎಂದು ತಮ್ಮದೇ ಒಂದು ಪದ್ಧತಿ ರೂಪಿಸಿದರು. ಅದಕ್ಕೆ ‘ಬಿಯೋಸ್’ ಎಂದು ಹೆಸರು. ತಲೆಗೆ ತಂತಿಗಳ ಟೋಪಿ ಹಾಕಿ, ‘ನಾನು ಹೀಗೆ ಮಾಡಿದೆ, ನಾನು ಅಲ್ಲಿಗೆ ಹೋದೆ’ ಎಂಬಂಥ ವಾಕ್ಯಗಳನ್ನು ಕೇಳಿಸುತ್ತಾರೆ. ಕೂತವನು ಏನೂ ಹೇಳಬೇಕಿಲ್ಲ. 2008ರ ಜೂನಿನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯ ಫಲಿತಾಂಶವನ್ನೂ ಎಣಿಕೆಗೆ ತೆಗೆದುಕೊಂಡಿತು. ಜಗತ್ತಿನ ನರವಿಜ್ಞಾನಿಗಳು ಬೆಚ್ಚಿದರು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ಪರಿಣತರ ಸಮಿತಿ, ಇಂಥ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂದಿತು. ಒಂದೇ ಸಂಸ್ಥೆಯ ಅಂಗಳದಲ್ಲಿ ಪ್ರಶ್ನೆಯೂ ಇತ್ತು, ಉತ್ತರವೂ ಇತ್ತು.

ನಿಮ್ಹಾನ್ಸ್‌ನಲ್ಲಿ ಒಂದು ಮಿದುಳು ವಸ್ತುಸಂಗ್ರಹಾಲಯವಿದೆ, ಸಾರ್ವಜನಿಕರನ್ನು ಬಿಡುತ್ತಾರೆ. ಕೈಗೆ ಗವಸು ಹಾಕಿಸಿ ಮನುಷ್ಯನ ಮಿದುಳನ್ನು ಹಿಡಿದು ನೋಡಲು ಕೊಡುತ್ತಾರೆ. ನಾನೂ ಹಿಡಿದಿದ್ದೇನೆ. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಇದರಲ್ಲಿ ಯಾರ ಹೆಸರು, ಯಾವ ಜಮೀನಿನ ಸರ್ವೆ ನಂಬರು, ಯಾರ ಮೇಲಿನ ಸಿಟ್ಟು ಇತ್ತೋ ಅನ್ನುವುದೇ ಮನಸ್ಸಿನಲ್ಲಿ ಸುತ್ತುತ್ತಿತ್ತು.

ಇನ್ನು ಸುಪ್ರೀಂ ಕೋರ್ಟು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆ 2004ರ ಮೇಲ್ಮನವಿ. ಅದರ ಜೊತೆಗೆ ಬೇರೆ ಮೇಲ್ಮನವಿಗಳೂ ಸೇರಿ ತೀರ್ಪು ಬಂದದ್ದು 2010ರ ಮೇ 5ರಂದು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠದಲ್ಲಿ ಕರ್ನಾಟಕದವರಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಇದ್ದರು. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂಬುದು ತೀರ್ಪು. ಸಂವಿಧಾನದ 20(3)ನೇ ಅನುಚ್ಛೇದದ ಪ್ರಕಾರ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡುವಂತಿಲ್ಲ. ಸರ್ಕಾರದ ಕಡೆಯ ವಾದ ಸರಳವಾಗಿತ್ತು: ಬ್ರೇನ್ ಮ್ಯಾಪಿಂಗ್‌ನಲ್ಲಿ ಆರೋಪಿ ನುಡಿಯುವುದೇ ಇಲ್ಲವಲ್ಲ, ರಕ್ತದ ಮಾದರಿಯೋ ಬೆರಳಚ್ಚೋ ತೆಗೆದುಕೊಂಡಂತೆ ಅಷ್ಟೇ ಅಲ್ಲವೇ? ನ್ಯಾಯಾಲಯ ಒಪ್ಪಲಿಲ್ಲ. ಬೆರಳಚ್ಚು ನನ್ನ ದೇಹದ ಗುರುತು, ಅದರಲ್ಲಿ ನನಗೆ ತಿಳಿದದ್ದೇನೂ ಇಲ್ಲ. ಮಿದುಳಿನ ಅಲೆ ನನಗೇನು ಗೊತ್ತು ಎಂಬುದನ್ನು ಹೊರಗೆಡಹುತ್ತದೆ, ಆದ್ದರಿಂದ ಬಾಯಿ ಮುಚ್ಚಿದ್ದರೂ ಅದು ನುಡಿದಂತೆಯೇ. ಹೇಳಬೇಕೋ ಸುಮ್ಮನಿರಬೇಕೋ ಎಂಬ ಆಯ್ಕೆ ಅವನ ಕೈಯಲ್ಲೇ ಉಳಿಯಬೇಕು.

ಆ ತೀರ್ಪು ಬರುವ ಹೊತ್ತಿಗೆ ಅಜ್ಜ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಗಳ ನಂತರ ಅದನ್ನು ಓದುವಾಗ ನನ್ನ ಕಣ್ಣೆದುರಿದ್ದದ್ದು ಕಂಬಳಿಯೊಳಗೆ ಹೋದ ಆ ಎಡಗೈ.

ಈಗ ಅಳಿಯನ ಪ್ರಶ್ನೆಗೆ ಬರುತ್ತೇನೆ. ಯಂತ್ರಗಳು ನಿಮಿಷಕ್ಕೆ ಎರಡಕ್ಷರದ ಕಾಲದಲ್ಲಿ ನಿಂತಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ಹದಿನೆಂಟು ವರ್ಷಗಳ ಹಿಂದೆ ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದ ಹೆಣ್ಣುಮಗಳೊಬ್ಬಳು, ಮಿದುಳಿನ ಮೇಲೆ ಹಾಸಿದ 253 ಎಲೆಕ್ಟ್ರೋಡುಗಳ ಮೂಲಕ ನಿಮಿಷಕ್ಕೆ 78 ಪದಗಳ ವೇಗದಲ್ಲಿ ಮಾತಾಡಿದಳು. ಲಕ್ವ ಎಂಬ ಪದ ಕಂಡು ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇನ್ನೂ ಒಂದು ಹೆಜ್ಜೆ ಒಳಗೆ ಹೋದರು. ಮಾತಾಡಲು ಯತ್ನಿಸುವುದೂ ಬೇಡ, ಮನಸ್ಸಿನಲ್ಲೇ ಅಂದುಕೊಂಡ ಮಾತನ್ನು ಯಂತ್ರ ಒಂದು ಮಟ್ಟಿಗೆ ಓದಿತು. ಆಗ ಅವರಿಗೇ ದಿಗಿಲಾಯಿತು. ಬಳಸುವವರು ಹೇಳಬೇಕೆಂದಿಲ್ಲದ್ದನ್ನೂ ಅದು ಹಿಡಿಯಬಹುದಲ್ಲ? ಅದಕ್ಕಾಗಿ ಒಂದು ಬೀಗ ಹಾಕಿದರು. ಗೊತ್ತುಮಾಡಿದ ಒಂದು ಪದಗುಚ್ಛವನ್ನು ಮೊದಲು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕಿವಿಗೊಡಬೇಕು. ಆ ಬೀಗಕ್ಕಾಗಿ ನಾನು ಅವರಿಗೆ ಕೈಮುಗಿಯುತ್ತೇನೆ. ಮಾತು ಕೊಡುವ ಯಂತ್ರಕ್ಕೆ ಮೌನದ ಕೀಲಿಯೂ ಬೇಕೆಂದು ಕಟ್ಟಿದವರಿಗೇ ಹೊಳೆದಿದೆ.

ಹೇಳಲಾರದವರಿಗೆ, ಕೇಳಲಾರದವರಿಗೆ ಇಂಥ ತಂತಿಗಳಿಂದ ಉಪಕಾರವಿಲ್ಲ ಎಂದು ಯಾರೂ ಹೇಳಲಾರರು. ನರಕ್ಕೂ ಯಂತ್ರಕ್ಕೂ ಗಂಟು ಹಾಕಿದ ಸಾಧನಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಗೆದ್ದದ್ದು ಕಿವಿಯ ಕಾಕ್ಲಿಯರ್ ಇಂಪ್ಲಾಂಟ್. 1957ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರಯತ್ನ ನಡೆಯಿತು, 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಹಲವು ಎಲೆಕ್ಟ್ರೋಡುಗಳ ಸಾಧನ ಕೂರಿಸಿದರು. ಇವತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಕೂರಿಸಿಯಾಗಿದೆ. ನಮ್ಮಲ್ಲಿ ಹುಟ್ಟುಕಿವುಡಿನ ಮಗುವಿಗೆ ಅದನ್ನು ಹಾಕಿಸಲು ಕೇಂದ್ರ ಸರ್ಕಾರದ ಯೋಜನೆಯಿದೆ. ಮಗು ಐದು ವರ್ಷ ದಾಟುವ ಮೊದಲೇ ಹೋಗಬೇಕು. ಆದರೆ ಆಪರೇಷನ್ ಆದ ಕೂಡಲೇ ಕಿವಿ ಬಂತು ಎಂದಲ್ಲ. ಒಳಗೆ ಬೀಳುವ ಸದ್ದನ್ನು ಮಾತೆಂದು ತಿಳಿಯಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಲಿಯಬೇಕು. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಮಗುವಿನ ಪಕ್ಕ ಕೂತು ತಾಯಂದಿರೂ ಆ ಪಾಠ ಕಲಿಯುತ್ತಾರೆ. ಮೈಸೂರೆಲ್ಲಿ, ಯಲ್ಲಾಪುರದ ಒಳಗಿನ ಹಳ್ಳಿಗಳೆಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ವಾರಗಟ್ಟಲೆ ಹೋಗುವ ಮನೆಯಲ್ಲಿ ಚಾರ್ಜು ಮುಗಿದರೆ ಆ ಮಗುವಿಗೆ ಮತ್ತೆ ಕಿವುಡೇ. ಕಂಪನಿಯೇ ಕೈಬಿಟ್ಟರೆ ಇನ್ನೂ ಕಷ್ಟ. ಕುರುಡರಿಗೆ ಕೃತಕ ದೃಷ್ಟಿ ಕೊಡುತ್ತಿದ್ದ ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ದಿವಾಳಿಯಂಚಿಗೆ ಬಂದು ಆ ಸಾಧನದ ತಯಾರಿಕೆ, ದುರಸ್ತಿ ಎರಡನ್ನೂ ನಿಲ್ಲಿಸಿದಾಗ, ಕಣ್ಣಿನೊಳಗೆ ಅದನ್ನು ಕೂರಿಸಿಕೊಂಡಿದ್ದ 350ಕ್ಕೂ ಹೆಚ್ಚು ಜನ ನಡುನೀರಿನಲ್ಲಿ ಉಳಿದರು. ಕಣ್ಣೊಳಗಿನ ಯಂತ್ರವನ್ನು ಹಳೇ ರೇಡಿಯೋದಂತೆ ಅಟ್ಟಕ್ಕೆ ಎಸೆಯಲು ಬರುವುದಿಲ್ಲ.

ಇಷ್ಟೆಲ್ಲ ಕಷ್ಟವನ್ನು ಹೊತ್ತೂ ಒಂದು ಮಗು ‘ಆಯಿ’ ಎಂಬ ಕರೆ ಕೇಳುವುದಾದರೆ ಹೊರಬೇಕಾದದ್ದೇ. ಬಾಯಿರುವ, ಬೆರಳಿರುವ ನನ್ನಂಥವನು, ನನ್ನ ಅಳಿಯನಂಥವನು ಹೊರುವುದು ಯಾಕೆ? 2009ರಿಂದ ಅಂಗಡಿಗೆ ಬಂದ ಆಟಿಕೆಗಳು, ಪಟ್ಟಿಗಳು ಇಲ್ಲಿಯವರೆಗೆ ನಮಗೆ ಕೊಟ್ಟದ್ದು ಒಂದು ಏರಿಳಿಯುವ ಗೆರೆ. ಪಡೆದದ್ದೇನು ಎಂದು ನೋಡಬೇಕು. 2019ರಲ್ಲಿ ಚೀನಾದ ಜಿನ್‌ಹುವಾ ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಇಂಥ ಪಟ್ಟಿ ಕಟ್ಟಿ, ಯಾರ ಗಮನ ಎಷ್ಟಿದೆ ಎಂದು ಲೆಕ್ಕ ಇಡುತ್ತಿದ್ದರು. ಗಲಾಟೆಯಾದ ಮೇಲೆ ನಿಲ್ಲಿಸಿದರು. ಪಾಠ ಕೇಳುತ್ತ ಕಿಟಕಿಯಾಚೆ ಮನಸ್ಸು ಹರಿಬಿಡದ ವಿದ್ಯಾರ್ಥಿ ಯಾವನಿದ್ದಾನೆ? ನನ್ನ ಕಲಿಕೆಯ ಅರ್ಧ ಆ ಕಿಟಕಿಯಲ್ಲೇ ಆಗಿದೆ. 2023ರ ಆಗಸ್ಟಿನಲ್ಲಿ ಚಿಲಿ ದೇಶದ ಸುಪ್ರೀಂ ಕೋರ್ಟು, ಅಲ್ಲಿಯ ಮಾಜಿ ಸೆನೆಟರ್ ಗಿಡೋ ಗಿರಾರ್ದಿ ಹೂಡಿದ ದಾವೆಯಲ್ಲಿ, ಇಮೋಟಿವ್ ಎಂಬ ಕಂಪನಿ ಅವರ ತಲೆಯಿಂದ ಸಂಗ್ರಹಿಸಿದ ಅಲೆಗಳ ದಾಖಲೆಯನ್ನು ಅಳಿಸಿಹಾಕಬೇಕೆಂದಿತು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಾಗಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸ್ಥಾಪಿತವಾಗಿದೆ, 2023ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂದಿದೆ. ಅದರಲ್ಲಿ ಮಿದುಳಿನ ಅಲೆಗೆ ಅಂತ ಬೇರೆ ಜಾಗವಿಲ್ಲ.

ಸೆಲ್ವಿ ತೀರ್ಪು ನಮ್ಮನ್ನು ಪೊಲೀಸರಿಂದ ಕಾಯುತ್ತದೆ, ಒಪ್ಪಿಗೆಯಿಲ್ಲದೆ ತಲೆಗೆ ತಂತಿ ಹಾಕುವಂತಿಲ್ಲ ಎಂದು. ಅಂಗಡಿಯಲ್ಲಿ ಕೊಂಡ ಪಟ್ಟಿಗೆ ಒಪ್ಪಿಗೆ ನಾವೇ ಕೊಟ್ಟಿರುತ್ತೇವೆ. ‘ಅದ್ರಲ್ಲಿ ಒಂದು ಒಪ್ಪಂದದ ಪುಟ ಬಂದಿತ್ತಲ್ಲ, ಓದಿದ್ಯಾ?’ ಎಂದು ಅಳಿಯನನ್ನು ಕೇಳಿದೆ. ‘ಅದನ್ನ ಯಾರು ಓದ್ತಾರೆ ಮಾವ, ಕೆಳಗೆ ಹೋಗಿ ಒತ್ತಿದೆ’ ಎಂದ. ಒಂದು ಸಲ ಒತ್ತಿದರೆ ಹೌದು. ನಾನು ಪಟ್ಟಿ ಬಿಚ್ಚಿ ಕೊಟ್ಟೆ.

ಅಜ್ಜನ ಉಯಿಲು ಸಿಗಲಿಲ್ಲ. ಬರೆದೇ ಇರಲಿಲ್ಲವೋ, ಬರೆದು ಹರಿದಿದ್ದನೋ ತಿಳಿಯದು. ಹಿಸೆಯಾಯಿತು, ಅತ್ತೆಗೂ ಪಾಲು ಬಂತು, ದೊಡ್ಡಪ್ಪ ಒಂದಷ್ಟು ಕಾಲ ಮಾತು ಬಿಟ್ಟಿದ್ದ, ಆಮೇಲೆ ಸರಿಹೋದ. ಕೊನೆಯ ದಿನಗಳಲ್ಲಿ ಅತ್ತೆ ಬಂದು ಹದಿನೈದು ದಿನ ಉಳಿದಿದ್ದಳು. ತೋಟದ ಪ್ರಶ್ನೆಯನ್ನು ಅವಳು ಒಂದು ದಿನವೂ ಎತ್ತಲಿಲ್ಲ. ಅಜ್ಜನ ಎಡಗೈ ಹಿಡಿದು ಕೂತು, ತನ್ನ ಊರಿನ ಹೊಳೆ, ಎಮ್ಮೆ ಈದದ್ದು, ಮಗನ ಪರೀಕ್ಷೆ ಅಂತ ಏನೇನೋ ಹೇಳುತ್ತಿದ್ದಳು. ಅಜ್ಜ ನಡುನಡುವೆ ಅವಳ ಬೆರಳು ಒತ್ತುತ್ತಿದ್ದ, ಕೆಲವು ಸಲ ಮೂರು, ಕೆಲವು ಸಲ ನಾಲ್ಕು. ಮೂರು ಸಲ ಒತ್ತಿದರೆ ಏನು ಎಂದು ನಾವು ಯಾರೂ ಗೊತ್ತುಮಾಡಿರಲಿಲ್ಲ.